ಸಂಗೀತ ಪತ್ರಿಕೆ ತರುವ ಮುಂಚೆ ಹಾಡಿನ ನೋಟ್‌ಬುಕ್ ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ಮೂವರು ಗೆಳೆಯರು. ಕನ್ನಡದಲ್ಲಿ ಒಂದು ಸಂಗೀತ ಮಾಸಪತ್ರಿಕೆ ತರುವ ಆಸೆ ಇದೆ. ಶಾಸ್ತ್ರೀಯ, ಭಾವಗೀತೆ, ಸಿನಿಮಾ, ಜಾನಪದ ಎಲ್ಲವೂ ಅದರಲ್ಲಿ ಇರಬೇಕು ಅಂತ ಯೋಚನೆ. ಒಂದು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್‌ನಲ್ಲಿ ಹಂಚಿದೆವು. ಇನ್ನೂರಕ್ಕೂ ಹೆಚ್ಚು ಜನ ತುಂಬಿದರು. ಹೆಚ್ಚುಕಡಿಮೆ ಎಲ್ಲರೂ ‘ಖಂಡಿತ ಓದುತ್ತೇವೆ’ ಅಂದಿದ್ದಾರೆ. ಇಷ್ಟು ಸಾಕಾ, ಇನ್ನೂ ಏನಾದರೂ ಕೇಳಬೇಕಾ? ಮೊದಲ ಸಂಚಿಕೆ ಎಷ್ಟು ಪ್ರತಿ ಹಾಕಿಸೋಣ?

ಉತ್ತರ: ಸಾಕಾಗಲ್ಲ. ಆ ಫಾರ್ಮ್‌ಗಳನ್ನು ಅಳಿಸಬೇಡಿ, ಆದರೆ ಅವನ್ನು ನಂಬಿ ಪ್ರೆಸ್ಸಿಗೆ ಅಡ್ವಾನ್ಸ್ ಕೊಡಲೂ ಬೇಡಿ.

‘ಕನ್ನಡದಲ್ಲಿ ಸಂಗೀತ ಪತ್ರಿಕೆ ಬಂದರೆ ಓದುತ್ತೀರಾ?’ ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಕೇಳುತ್ತಿರುವವರು ಪರಿಚಯದವರು. ಕೆಲಸ ಕನ್ನಡದ್ದು, ವಿಷಯ ಸಂಗೀತದ್ದು. ಬೇಡ ಅಂದರೆ ಚೆನ್ನಾಗಿರಲ್ಲ ಅಂತ ಜನ ‘ಹೌದು’ ಒತ್ತಿ ಮುಂದಕ್ಕೆ ಹೋಗುತ್ತಾರೆ. ಪತ್ರಿಕೆಗಳ ಪ್ರಸರಣ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಈ ‘ಹೌದು’ ಚೆನ್ನಾಗಿ ಗೊತ್ತು. ಚಂದಾ ರಸೀದಿ ಪುಸ್ತಕ ಹೊರಗೆ ತೆಗೆದ ಕೂಡಲೇ ಅದು ‘ಮುಂದಿನ ತಿಂಗಳು ನೋಡೋಣ’ ಆಗಿಬಿಡುತ್ತದೆ.

ಹಾಗಾಗಿ ಮುಂದೆ ಏನು ಮಾಡುತ್ತೀರಿ ಅಂತ ಯಾರನ್ನೂ ಕೇಳಬೇಡಿ. ಇಷ್ಟರವರೆಗೆ ಏನು ಮಾಡಿದ್ದಾರೆ ಅನ್ನುವುದನ್ನು ಕೇಳಿ, ಆದಷ್ಟೂ ಕಣ್ಣಾರೆ ನೋಡಿ. ಹಿಂದಿನ ತಿಂಗಳು ಸಂಗೀತಕ್ಕೆ ಅಂತ ಯಾವುದಕ್ಕೆ ದುಡ್ಡು ಕೊಟ್ಟರು? ಕೊನೆಯ ಸಲ ಯಾವ ಸಂಗೀತ ಕಚೇರಿಗೆ ಹೋಗಿದ್ದರು, ಅದರ ಸುದ್ದಿ ಅವರಿಗೆ ಎಲ್ಲಿಂದ ಸಿಕ್ಕಿತು? ಸಂಗೀತದ ಬಗ್ಗೆ ಕೊನೆಯದಾಗಿ ಓದಿದ್ದು ಏನು, ಎಲ್ಲಿ? ‘ನೆನಪಿಲ್ಲ’ ಅಂದರೆ ಅದನ್ನೂ ಬರೆದುಕೊಳ್ಳಿ. ಎಲ್ಲ ಉತ್ತರಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಎಷ್ಟೋ ಸಲ ಅದೇ.

ಇನ್ನು ಆ ಇನ್ನೂರು ಜನ ಯಾರು ಅನ್ನುವ ಪ್ರಶ್ನೆ. ನಿಮ್ಮ ಮೂವರ ಗುಂಪುಗಳಲ್ಲಿ ಇದ್ದವರು. ಅಂದರೆ ಬಹುತೇಕ ನಿಮ್ಮದೇ ವಯಸ್ಸು, ನಿಮ್ಮದೇ ಊರು, ನಿಮ್ಮದೇ ಅಭಿರುಚಿ. ಸುಮಾರು 400 ಜನರನ್ನು ಕೇಳಿದರೆ ಉತ್ತರದಲ್ಲಿ ಶೇ. 5ರಷ್ಟು ಆಚೀಚೆ ಆಗಬಹುದು ಅಂತ ಸಮೀಕ್ಷೆ ಮಾಡುವವರು ಹೇಳುತ್ತಾರೆ. ಆದರೆ ಆ ಲೆಕ್ಕ ನಿಲ್ಲುವುದು 400 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ಒಂದೇ ವಾಟ್ಸಾಪ್ ಗುಂಪಿನಿಂದ ನಾಲ್ಕು ಸಾವಿರ ಉತ್ತರ ಬಂದರೂ ನಿಮಗೆ ತಿಳಿಯುವುದು ಆ ಗುಂಪಿನ ವಿಷಯ ಅಷ್ಟೇ.

ದೊಡ್ಡ ಸಂಖ್ಯೆಗಳೂ ಇಲ್ಲಿ ಕೈ ಹಿಡಿಯಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಹೊಸ ಪತ್ರಿಕೆಯವರು ತಮ್ಮ ಯೋಜನೆಯ ಮೊದಲ ಪುಟದಲ್ಲೇ ಈ ಅಂಕಿ ಹಾಕಿ, ‘ಇದರಲ್ಲಿ ಶೇ. 1ರಷ್ಟು ಜನ ಕೊಂಡರೂ...’ ಅಂತ ಶುರು ಮಾಡುತ್ತಾರೆ. ಆ ಒಂದು ಪರ್ಸೆಂಟ್ ಅಂದರೆ 4 ಲಕ್ಷಕ್ಕೂ ಹೆಚ್ಚು ಪ್ರತಿ! ಪತ್ರಿಕೆಗಳ ಓದುಗರನ್ನು ಅಂದಾಜು ಮಾಡುವ ಇಂಡಿಯನ್ ರೀಡರ್‌ಶಿಪ್ ಸರ್ವೆಯ ಹಳೆಯ ವರದಿಗಳು ಸಿಕ್ಕಿದರೂ ಅವು 2019ರ ಹೊತ್ತಿನವು. ಕೋವಿಡ್ ಆದಮೇಲೆ ಓದುವ ಅಭ್ಯಾಸ ಎಷ್ಟು ಬದಲಾಗಿದೆ ಅಂತ ನಿಮಗೇ ಗೊತ್ತು. 1948ರಲ್ಲಿ ಶುರುವಾದ ಎಬಿಸಿ, ಅಂದರೆ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್, ತನ್ನ ಸದಸ್ಯ ಪತ್ರಿಕೆಗಳ ಮಾರಾಟವನ್ನು ಪ್ರಮಾಣೀಕರಿಸುತ್ತದೆ. ಯಾರ ಪತ್ರಿಕೆ ಎಷ್ಟು ಹೋಗುತ್ತದೆ ಅಂತ ಅದರಿಂದ ತಿಳಿಯಬಹುದು. ಯಾಕೆ ಹೋಗುತ್ತದೆ ಅಂತ ತಿಳಿಯಲ್ಲ.

ಜಾಹೀರಾತು ಏಜೆನ್ಸಿಯವರು ‘ನಿಮ್ಮ ಓದುಗರು ಎನ್‌ಸಿಸಿಎಸ್ ಎ-ನಾ, ಬಿ-ನಾ?’ ಅಂತ ಕೇಳಬಹುದು. ಮನೆಯ ಮುಖ್ಯ ದುಡಿಮೆಗಾರರ ಓದು ಎಷ್ಟು, 11 ವಸ್ತುಗಳ ಪಟ್ಟಿಯಲ್ಲಿ ಎಷ್ಟು ಮನೆಯಲ್ಲಿವೆ ಅಂತ ನೋಡಿ ಮನೆಗಳನ್ನು ವಿಂಗಡಿಸುವ ಪದ್ಧತಿ ಅದು. ಸೋಪು, ಕಾರು ಮಾರುವವರಿಗೆ ಬೇಕು. ಮನೆಯಲ್ಲಿ ಫ್ರಿಜ್ ಇದೆಯಾ ಅನ್ನುವುದಕ್ಕೂ ಮಾಲಕಂಸ್ ರಾಗದ ಬಗ್ಗೆ ನಾಲ್ಕು ಪುಟ ಓದುವುದಕ್ಕೂ ಸಂಬಂಧ ಹುಡುಕಬೇಡಿ. ಫಾರ್ಮ್‌ನ ಕೊನೆಯಲ್ಲಿ ಆ ಎರಡು ಪ್ರಶ್ನೆ ಇರಲಿ, ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಗೀತ ಕೇಳುವವರೆಲ್ಲ ಸಂಗೀತದ ಬಗ್ಗೆ ಓದುವವರಲ್ಲ. ಕೇಳುವುದಕ್ಕೆ ಪತ್ರಿಕೆ ಬೇಕಾಗಿಲ್ಲ. ಓದಲೇಬೇಕು ಅನ್ನಿಸುವಂಥ ಒಂದು ಕೆಲಸ ಇದ್ದಾಗ ಮಾತ್ರ ಜನ ಸಂಗೀತ ಪತ್ರಿಕೆ ಕೊಳ್ಳುತ್ತಾರೆ. ಎಲ್ಲ ಕಡೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ.

ಇಂಗ್ಲೆಂಡಿನ ಸಂಗೀತ ವಾರಪತ್ರಿಕೆ ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ತಗೊಳ್ಳಿ. 1952ರಲ್ಲಿ ಶುರುವಾಗಿದ್ದು. ಅದೇ ವರ್ಷ ನವೆಂಬರ್‌ನಲ್ಲಿ ಆ ದೇಶದ ಮೊದಲ ಸಿಂಗಲ್ಸ್ ಚಾರ್ಟ್, ಅಂದರೆ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿ, ಅಚ್ಚು ಹಾಕಿತು. ಯಾವ ಹಾಡು ಮೇಲಿದೆ, ಯಾವ ಬ್ಯಾಂಡ್ ಎಲ್ಲಿ ಆಡುತ್ತಿದೆ, ಯಾವ ರೆಕಾರ್ಡಿಗೆ ದುಡ್ಡು ಹಾಕಬಹುದು ಅಂತ ತಿಳಿಯಲು ಹುಡುಗರು ಪ್ರತಿ ವಾರ ಕೊಳ್ಳುತ್ತಿದ್ದರು. ಮುಂದೆ ಇವೆಲ್ಲ ಫೋನಿನಲ್ಲಿ ಪುಕ್ಕಟೆ ಸಿಗತೊಡಗಿದವು. ಹಾಡನ್ನೇ ಕೇಳಿ ನೋಡಬಹುದು ಅಂದಮೇಲೆ ವಿಮರ್ಶೆ ಓದಿ ನಿರ್ಧರಿಸುವ ಕಷ್ಟ ಯಾಕೆ? 2015ರಲ್ಲಿ ಎನ್‌ಎಂಇ ಪುಕ್ಕಟೆ ಹಂಚುವ ಪತ್ರಿಕೆಯಾಯಿತು, 2018ರಲ್ಲಿ ವಾರದ ಮುದ್ರಣವೇ ನಿಂತಿತು. 1986ರಲ್ಲಿ ಶುರುವಾದ ಅಲ್ಲಿಯದೇ ಸಂಗೀತ ಪತ್ರಿಕೆ ‘ಕ್ಯೂ’ 2020ರಲ್ಲಿ ಮುಚ್ಚಿತು. ಸಂಗೀತ ಕೇಳುವವರು ಕಡಿಮೆಯಾಗಿದ್ದರಾ? ಇಲ್ಲವೇ ಇಲ್ಲ. ಪತ್ರಿಕೆ ಮಾಡಿಕೊಡುತ್ತಿದ್ದ ಕೆಲಸವನ್ನು ಬೇರೆಯವರು ಮಾಡತೊಡಗಿದರು.

‘ಸ್ಮ್ಯಾಶ್ ಹಿಟ್ಸ್’ದು ಇನ್ನೊಂದು ಬಗೆ. 1978ರಲ್ಲಿ ಬಂದ ಆ ಪತ್ರಿಕೆಯ ದೊಡ್ಡ ಆಕರ್ಷಣೆ ಹಾಡುಗಳ ಸಾಹಿತ್ಯ. ನಮ್ಮಲ್ಲೂ ಟಾಕೀಸಿನ ಮುಂದೆ, ಜಾತ್ರೆಯಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು, ನೆನಪಿದೆಯಲ್ವಾ? ಕೆಲಸ ಒಂದೇ: ಹಾಡಲು ಪದಗಳು ಬೇಕು. ಆ ಕೆಲಸವೂ ಈಗ ಫೋನಿಗೆ ಹೋಯಿತು. ‘ಸ್ಮ್ಯಾಶ್ ಹಿಟ್ಸ್’ 2006ರಲ್ಲಿ ನಿಂತಿತು.

ಇನ್ನೊಂದು ಕಡೆ ಉತ್ತರ ಪ್ರದೇಶದ ಹಾಥರಸ್‌ನ ಹಿಂದಿ ಪತ್ರಿಕೆ ‘ಸಂಗೀತ್’ ನೋಡಿ. 1935ರಲ್ಲಿ ಶುರುವಾಗಿ ಹಲವು ದಶಕ ನಡೆದ ಪತ್ರಿಕೆ. ಬಂದಿಶ್‌ಗಳ (ಹಿಂದುಸ್ತಾನಿ ರಾಗಗಳಲ್ಲಿ ಕಟ್ಟಿದ ಹಾಡುಗಳ) ಸ್ವರಲಿಪಿ, ರಾಗಗಳ ವಿವರ ಹೀಗೆ ಕಲಿಯುವವರಿಗೆ, ಕಲಿಸುವವರಿಗೆ ಬೇಕಾದದ್ದು ಅದರಲ್ಲಿ ಇರುತ್ತಿತ್ತು. ಚೆನ್ನೈನ ‘ಶ್ರುತಿ’ 1983ರಲ್ಲಿ ಶುರುವಾದದ್ದು. ಸಂಗೀತ, ನೃತ್ಯ ಎರಡನ್ನೂ ಇಂಗ್ಲಿಷಿನಲ್ಲಿ ಕೊಟ್ಟಿತು. ಹಾಗಾಗಿ ತಮಿಳು, ತೆಲುಗು, ಕನ್ನಡ, ಮಲಯಾಳಂ ಮಾತಾಡುವ ರಸಿಕರಿಗೆಲ್ಲ ಒಂದೇ ಪತ್ರಿಕೆ ಸಾಕಾಯಿತು, ಪರದೇಶದಲ್ಲಿ ಇರುವವರಿಗೂ ಸೇರಿ. ಎರಡೂ ಪತ್ರಿಕೆಗಳಿಗೆ ತಮ್ಮ ಓದುಗ ಯಾರು ಅಂತ ಸ್ಪಷ್ಟವಾಗಿ ಗೊತ್ತಿತ್ತು. ‘ಎಲ್ಲರಿಗೂ ಎಲ್ಲವೂ’ ಅನ್ನುವ ನಿಮ್ಮ ಯೋಚನೆ ನನಗೆ ಹೆದರಿಕೆ ಹುಟ್ಟಿಸುವುದು ಇದಕ್ಕೇ. ಭಾವಗೀತೆ ಕಲಿಯುವ ಅಮ್ಮನಿಗೂ, ಕನ್ನಡ ರ‍್ಯಾಪ್ ಕೇಳುವ ಮಗನಿಗೂ ಒಂದೇ ಪತ್ರಿಕೆ ಕೊಟ್ಟರೆ ಇಬ್ಬರೂ ಮುಕ್ಕಾಲು ಪಾಲು ಪುಟ ಓದದೆ ಮಗುಚುತ್ತಾರೆ.

ಹಾಗಾದರೆ ನಿಮ್ಮ ಊರಲ್ಲಿ ಓದುವ ಅಗತ್ಯ ಇರುವವರು ಯಾರು? ಮೊದಲು ಸಂಗೀತ ಕ್ಲಾಸಿನ ಹೊರಗೆ ಹೋಗಿ ನಿಲ್ಲಿ. ಸಂಜೆ ಮಕ್ಕಳನ್ನು ಬಿಟ್ಟು ಕಾಯುತ್ತಾ ಕೂತ ಅಮ್ಮಂದಿರು, ಅಪ್ಪಂದಿರು ಸಿಗುತ್ತಾರೆ. ಅವರಿಗೆ ಟೈಮೂ ಇರುತ್ತದೆ. ಮಾತು ಹೀಗೆ ಸಾಗಬಹುದು:

‘ಹೋದ ತಿಂಗಳ ಮಗಳ ಸಂಗೀತಕ್ಕಂತ ಏನೇನ ಖರ್ಚ ಆತ್ರೀ?’

‘ಕ್ಲಾಸಿನ ಫೀ, ಪರೀಕ್ಷಾ ಫೀ. ಮತ್ತ ಝೆರಾಕ್ಸಿಂದ ಒಂದಿಷ್ಟ.’

‘ಝೆರಾಕ್ಸ್ ಯಾವುದರದ್ರೀ?’

‘ಬಂದಿಶಿಂದು. ಪುಸ್ತಕ ಮರಾಠಿ ಒಳಗ ಐತಿ, ಅಕಿಗೆ ಓದಾಕ ಬರಂಗಿಲ್ಲ. ಟೀಚರು ಕನ್ನಡದಾಗ ಬರದು ಕೊಟ್ಟಾರ. ಅದನ್ನ ಎಲ್ಲಾರೂ ಝೆರಾಕ್ಸ್ ಮಾಡಿಸ್ಕೊಂಡೀವಿ.’

ಇಲ್ಲಿಗೆ ನಿಲ್ಲಿಸಬೇಡಿ. ‘ಅಕಿ ಹಾಡಿನ ನೋಟ್‌ಬುಕ್ ಒಂದ್ಸಲ ತೋರಿಸ್ತೀರೇನ್ರೀ?’ ಅಂತ ಕೇಳಿ. ನನ್ನ ಪ್ರಕಾರ ನಿಮ್ಮ ಇಡೀ ಸಂಶೋಧನೆಯಲ್ಲಿ ಇದರಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಹಾಡಿನ ನೋಟ್‌ಬುಕ್ ಸುಳ್ಳು ಹೇಳಲ್ಲ. ಯಾವ ಪುಟ ಮಾಸಿದೆ ನೋಡಿ. ಯಾವ ರಾಗದ ಬಂದಿಶ್ ಇದೆ, ಆಲಾಪ ತಾನುಗಳನ್ನು ಬರೆದುಕೊಂಡಿದ್ದಾಳಾ, ಸಾಹಿತ್ಯದ ಅರ್ಥ ಎಲ್ಲಾದರೂ ಇದೆಯಾ ನೋಡಿ. ಬಂದಿಶ್‌ಗಳ ಸಾಹಿತ್ಯ ಹೆಚ್ಚಾಗಿ ಬ್ರಜ್ ಭಾಷೆಯದ್ದು. ಅರ್ಥ ಗೊತ್ತಿಲ್ಲದೆ ಮಕ್ಕಳು ಹಾಡುತ್ತಿರುತ್ತಾರೆ. ಭಾತಖಂಡೆಯವರ ಆರು ಸಂಪುಟಗಳ ಬಂದಿಶ್ ಸಂಗ್ರಹ ‘ಕ್ರಮಿಕ ಪುಸ್ತಕ ಮಾಲಿಕೆ’ ಮರಾಠಿ, ಹಿಂದಿಯಲ್ಲಿ ಇರುವುದು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗೆ ಕೂರುವ ಮಕ್ಕಳು ನಿಮ್ಮ ಕಡೆ ಬೇಕಾದಷ್ಟು ಜನ. ಪ್ರತಿ ತಿಂಗಳು ಎರಡು ಬಂದಿಶ್ ಕನ್ನಡ ಲಿಪಿಯಲ್ಲಿ, ಸ್ವರಲಿಪಿ ಮತ್ತು ಅರ್ಥದ ಜೊತೆ ಬಂದರೆ ಅದಕ್ಕೆ ಕೊಳ್ಳುವವರು ಇದ್ದಾರಾ ಅಂತ ನೋಡಬಹುದು. ಜನ ದುಡ್ಡು ಕೊಟ್ಟು ಝೆರಾಕ್ಸ್ ಮಾಡಿಸುವುದೇ ಅವರಿಗೆ ಏನು ಬೇಕು ಅನ್ನುವುದಕ್ಕೆ ಸಾಕ್ಷಿ. ಕ್ಲಾಸಿನ ಹತ್ತಿರದ ಝೆರಾಕ್ಸ್ ಅಂಗಡಿಯವರನ್ನೂ ಮಾತಾಡಿಸಿ, ತಪ್ಪೇನಿಲ್ಲ.

ಗದಗ ನಿಮಗೆ ಹತ್ತಿರ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಇವತ್ತು ಹಳ್ಳಿ ಹಳ್ಳಿಗಳಲ್ಲಿ ಸಂಗೀತ ಕಲಿಸುತ್ತಿದ್ದಾರೆ, ಪುರಾಣ ಪ್ರವಚನಗಳಲ್ಲಿ ಹಾಡುತ್ತಿದ್ದಾರೆ, ನುಡಿಸುತ್ತಿದ್ದಾರೆ. ಅವರಲ್ಲಿ ಕಣ್ಣು ಕಾಣದವರು ಬಹಳ ಜನ. ಅವರಿಗೆ ಅಚ್ಚಾದ ಪತ್ರಿಕೆಗಿಂತ ಅದೇ ವಿಷಯದ ಆಡಿಯೋ ಬೇಕಾಗಬಹುದು. ಇದು ಯಾವ ಗೂಗಲ್ ಫಾರ್ಮ್‌ನಲ್ಲೂ ಬರಲ್ಲ, ಹೋಗಿ ಕೂತು ಮಾತಾಡಿದರೆ ಮಾತ್ರ ಬರುತ್ತದೆ.

ದಕ್ಷಿಣಕ್ಕೆ ಬಂದರೆ ಕಥೆಯೇ ಬೇರೆ. ಬೆಂಗಳೂರಿನ ರಸಿಕರು ಅಂದ ಕೂಡಲೇ 1905ರ ಗಾಯನ ಸಮಾಜ, 1939ರಿಂದ ನಡೆಯುತ್ತಿರುವ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಕಣ್ಮುಂದೆ ಬರುತ್ತವೆ. ತುಂಬಿದ ಪೆಂಡಾಲ್ ನೋಡಿ ‘ಇವರೆಲ್ಲ ನಮ್ಮ ಓದುಗರು’ ಅಂದುಕೊಳ್ಳಬೇಡಿ. ಅಲ್ಲಿ ಕೂತವರಲ್ಲಿ ಮನೆಯಲ್ಲಿ ತಮಿಳು, ತೆಲುಗು ಮಾತಾಡುವವರು ಎಷ್ಟೋ ಜನ. ಕನ್ನಡ ಮಾತಾಡಿದರೂ ಇಂಗ್ಲಿಷ್ ಪೇಪರ್ ಓದುವವರು ಇನ್ನೆಷ್ಟೋ. ಅಲ್ಲೂ ನೋಟ್‌ಬುಕ್ ಪರೀಕ್ಷೆ ಮಾಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಗು ಕರ್ನಾಟಕ ಸಂಗೀತದ ಆರಂಭದ ಪಾಠವಾದ ಪುರಂದರದಾಸರ ಪಿಳ್ಳಾರಿ ಗೀತೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರೆ, ಆ ಮಗುವಿಗೆ ಕನ್ನಡ ಪತ್ರಿಕೆ ಕೊಡಿಸುವವರು ಅಜ್ಜಿಯೋ ಅಮ್ಮನೋ ಆಗಿರಬೇಕು. ಆಗ ನಿಮ್ಮ ಓದುಗರು ಅವರೇ. ಮಗುವಿಗಾಗಿ ಬರೆದ ಪುಟ ಅಲ್ಲಿ ದಂಡ.

ಹೊಸಬರು ಮರೆತುಬಿಡುವ ಇನ್ನೊಂದು ದೊಡ್ಡ ಗುಂಪು ಭಜನಾ ಮಂಡಳಿಗಳು. ಪ್ರತಿ ಬಡಾವಣೆಯಲ್ಲೂ ಒಂದಲ್ಲ ಒಂದು ಇರುತ್ತದೆ. ಹೆಚ್ಚಿನವರು ಹೆಂಗಸರು, ನಡುವಯಸ್ಸು ದಾಟಿದವರು, ಕನ್ನಡ ಚೆನ್ನಾಗಿ ಓದುವವರು, ಹಾಡಿನ ಪುಸ್ತಕ ದುಡ್ಡು ಕೊಟ್ಟು ಕೊಳ್ಳುವವರು. ಶ್ರಾವಣ, ನವರಾತ್ರಿ, ಧನುರ್ಮಾಸ ಬಂತೆಂದರೆ ಹೊಸ ಹಾಡು ಹುಡುಕುತ್ತಾರೆ. ದಾಸರ ಪದಕ್ಕೆ ಸುಲಭವಾದ ರಾಗ ಯಾವುದು, ಈ ಹಾಡಿನ ಮೂರನೇ ಚರಣ ಎಲ್ಲಿ ಸಿಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಕೇಳುತ್ತಿರುತ್ತಾರೆ. ‘ಗಂಭೀರ’ ಪತ್ರಿಕೆ ಮಾಡಬೇಕು ಅನ್ನುವವರಿಗೆ ಈ ಓದುಗರು ಅಷ್ಟಾಗಿ ಹಿಡಿಸಲ್ಲ. ನಿಮಗೂ ಹಿಡಿಸದೇ ಇರಬಹುದು. ಆದರೆ ಚಂದಾ ಕೊಡುವವರು ಯಾರು ಅಂತ ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಅವರ ಕಡೆಗೇ. ಬೇಡ ಅನ್ನುವ ಮುಂಚೆ ಒಂದು ಮಂಡಳಿಯ ಜೊತೆ ಒಂದು ಮಧ್ಯಾಹ್ನ ಕೂತು ಬನ್ನಿ.

ಸಿನಿಮಾ ಹಾಡು, ಬ್ಯಾಂಡ್, ರ‍್ಯಾಪ್ ಕೇಳುವ ಹುಡುಗರ ವಿಷಯದಲ್ಲಿ ನನಗೆ ಅನುಮಾನ ಜಾಸ್ತಿ. ಅವರ ಮಾತುಕತೆ ಎಲ್ಲ ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ನಲ್ಲಿ ನಡೆಯುತ್ತದೆ. ತಿಂಗಳಿಗೊಮ್ಮೆ ಬರುವ ಕಾಗದ ಅವರಿಗೆ ತಡ. ಅವರಲ್ಲೇ ತಾವೂ ಹಾಡು ಮಾಡಬೇಕು ಅನ್ನುವವರು, ಅಂದರೆ ಮನೆಯಲ್ಲೇ ರೆಕಾರ್ಡ್ ಮಾಡುವವರು, ಆರ್ಕೆಸ್ಟ್ರಾದಲ್ಲಿ ಹಾಡುವವರು ಇದ್ದರೆ ಅವರನ್ನು ಬೇರೆಯಾಗಿ ಮಾತಾಡಿಸಿ. ಯಾವ ಮೈಕ್ ತಗೊಳ್ಳಬೇಕು, ಹಾಡಿನ ಹಕ್ಕು ಯಾರದ್ದು, ಕಾರ್ಯಕ್ರಮಕ್ಕೆ ಎಷ್ಟು ಕೇಳಬೇಕು ಅನ್ನುವ ಪ್ರಶ್ನೆಗಳು ಅವರಿಗಿವೆ.

ಮಾತಾಡಿಸುವ ರೀತಿಯ ಬಗ್ಗೆ ಒಂದೆರಡು ಮಾತು. ಗುಂಪು ಚರ್ಚೆ ಮಾಡುವುದಾದರೆ ಗುರುಗಳು ಮತ್ತು ಶಿಷ್ಯರನ್ನು ಒಟ್ಟಿಗೆ ಕೂರಿಸಬೇಡಿ. ಗುರುಗಳು ‘ಇಂಥ ಪತ್ರಿಕೆ ಬೇಕೇ ಬೇಕು’ ಅಂದರೆ ಮುಗಿಯಿತು, ಶಿಷ್ಯರು ಬಾಯಿ ಬಿಡಲ್ಲ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೇಳುವಾಗಲೂ ಬೇರೆ ಬೇರೆ ಕೇಳಿ. ಮತ್ತೆ, ನಮ್ಮಲ್ಲಿ ಸಂಗೀತದ ರುಚಿಗೆ ಮರ್ಯಾದೆಯ ಪ್ರಶ್ನೆ ಅಂಟಿಕೊಂಡಿದೆ. ಯಾರನ್ನು ಕೇಳಿದರೂ ‘ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್’ ಅಂತಾರೆ. ‘ನಿಮಗೆ ಬೇಜಾರಿಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಕೊನೆಗೆ ಕೇಳಿದ ಐದು ಹಾಡು ನೋಡಿ ಹೇಳ್ತೀರಾ?’ ಅಂತ ಕೇಳಿದರೆ ಬೇರೆಯದೇ ಪಟ್ಟಿ ಹೊರಬರುತ್ತದೆ. ನಗಬೇಡಿ. ಬರೆದುಕೊಳ್ಳಿ.

ಇಂಥ ಮಾತುಕತೆ ಎಷ್ಟು ಬೇಕು? ಒಂದೊಂದು ಗುಂಪಿನಲ್ಲಿ ಏಳೆಂಟು ಜನರ ಜೊತೆ ಅರ್ಧರ್ಧ ಗಂಟೆ ಮಾತಾಡಿದರೆ ಉತ್ತರಗಳು ಮರುಕಳಿಸಲು ಶುರುವಾಗುತ್ತವೆ. ಮುಂದಿನವರು ಏನು ಹೇಳುತ್ತಾರೆ ಅಂತ ನಿಮಗೆ ಮೊದಲೇ ಗೊತ್ತಾಗತೊಡಗಿದರೆ ಆ ಗುಂಪು ಸಾಕು. ಆಮೇಲೆ ಬೇಕಾದರೆ ಫಾರ್ಮ್ ಮಾಡಿ, ಅದೂ ಕಾಗದದ ಮೇಲೆ, ಕನ್ನಡದಲ್ಲಿ, ಹತ್ತು ಪ್ರಶ್ನೆ ಮೀರದ ಹಾಗೆ. ಫೋನ್ ನಂಬರ್ ತಗೊಳ್ಳುವಾಗ ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ.

ಜಾಹೀರಾತು ಕೊಡುವವರನ್ನೂ ಇದೇ ಹೊತ್ತಲ್ಲಿ ಮಾತಾಡಿಸಿ. ದೊಡ್ಡ ಕಂಪನಿಗಳನ್ನು ಬಿಡಿ. ಹಾರ್ಮೋನಿಯಂ, ತಬಲಾ ರಿಪೇರಿ ಅಂಗಡಿ, ಎಲೆಕ್ಟ್ರಾನಿಕ್ ತಂಬೂರಿ ಮಾರುವವರು, ಸಂಗೀತ ಶಾಲೆಗಳು, ರೆಕಾರ್ಡಿಂಗ್ ಸ್ಟುಡಿಯೋಗಳು. ತಂಬೂರಿ, ಸಿತಾರಿಗೆ ಹೆಸರಾದ ಮಹಾರಾಷ್ಟ್ರದ ಮೀರಜ್ ನಿಮ್ಮಿಂದ ರೈಲಿನಲ್ಲಿ ಒಂದೇ ದಾರಿ. ಉತ್ತರ ಕರ್ನಾಟಕದವರು ಅಲ್ಲಿಗೆ ಹೋಗಿ ವಾದ್ಯ ಮಾಡಿಸಿ ತರುವುದು ಹಳೆಯ ರೂಢಿ. ಅಲ್ಲಿನ ಅಂಗಡಿಯವರಿಗೆ ‘ಕರ್ನಾಟಕದಿಂದ ನಿಮ್ಮ ಹತ್ತಿರ ಬರುವವರು ಯಾರು, ಯಾವ ತಿಂಗಳಲ್ಲಿ ಜಾಸ್ತಿ?’ ಅಂತ ಕೇಳಿ. ಜಾಹೀರಾತು ಸಿಗದಿದ್ದರೂ ಓದುಗರ ಬಗ್ಗೆ ಒಳ್ಳೆಯ ಮಾಹಿತಿ ಸಿಗುತ್ತದೆ.

ಇಷ್ಟಾದ ಮೇಲೆ ಒಂದು ಗುಂಪನ್ನು ಆರಿಸಿಕೊಂಡು 16 ಪುಟದ ಮಾದರಿ ಸಂಚಿಕೆ ಮಾಡಿ. ಡಿಜಿಟಲ್ ಪ್ರಿಂಟ್‌ನಲ್ಲಿ ನೂರು ಪ್ರತಿ ಸಾಕು. ಪುಕ್ಕಟೆ ಹಂಚಬೇಡಿ, ಬೆಲೆ ಹಾಕಿ. ಬೆಲೆಯ ಬಗ್ಗೆ ‘ಎಷ್ಟಾದರೆ ಕೊಳ್ಳುತ್ತೀರಿ’ ಅಂತ ಕೇಳಿ ಪ್ರಯೋಜನವಿಲ್ಲ. ಒಂದು ಸಂಗೀತ ಕಚೇರಿಯ ಹೊರಗೆ 30 ರೂಪಾಯಿಗೆ, ಇನ್ನೊಂದು ಕಡೆ 50 ರೂಪಾಯಿಗೆ ಇಟ್ಟು ನೋಡಿ. ಮೇಜಿನ ಪಕ್ಕ ಸುಮ್ನೆ ನಿಂತು ಜನ ಪತ್ರಿಕೆ ಕೈಗೆತ್ತಿಕೊಂಡಾಗ ಮೊದಲು ಯಾವ ಪುಟಕ್ಕೆ ಹೋಗುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೆಳಗಿಡುತ್ತಾರೆ ಗಮನಿಸಿ. ಕೊಂಡವರಿಗೆ ವಾರ ಬಿಟ್ಟು ಫೋನ್ ಮಾಡಿ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅಂತಾರೆ, ಫೋನ್ ಇಡುತ್ತಾರೆ. ‘ಪತ್ರಿಕೆ ಈಗ ಮನೇಲಿ ಎಲ್ಲಿದೆ?’ ಅಂತ ಕೇಳಿ. ಹಾರ್ಮೋನಿಯಂ ಮೇಲಿದೆ ಅಂದರೆ ಒಳ್ಳೆಯದು. ಪಕ್ಕದ ಮನೆಯವರು ತಗೊಂಡು ಹೋದರು ಅಂದರೆ ಇನ್ನೂ ಒಳ್ಳೆಯದು, ಆ ಪಕ್ಕದ ಮನೆಯವರ ನಂಬರ್ ಕೇಳಿ.

ಹೊತ್ತನ್ನೂ ನೋಡಿಕೊಳ್ಳಿ. ರಾಮನವಮಿ, ದಸರಾ, ಆರಾಧನೆಗಳ ದಿನ ಜನರ ಉತ್ಸಾಹ ಬೇರೆ ಇರುತ್ತದೆ. ಅದೇ ಮಾದರಿ ಸಂಚಿಕೆಯನ್ನು ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಮಾರಿ ನೋಡಿ. ಫೀ, ಪುಸ್ತಕ, ಯೂನಿಫಾರ್ಮ್ ಅಂತ ಕೈ ಖಾಲಿ ಇರುವಾಗಲೂ ಕೊಳ್ಳುವವರೇ ಚಂದಾದಾರರಾಗುವವರು.

ಕೊನೆಗೆ ಎಷ್ಟು ಪ್ರತಿ ಅಂತ ಕೇಳಿದ್ದೀರಿ. ಮಾದರಿ ಸಂಚಿಕೆಯ ಜೊತೆಗೇ ವರ್ಷದ ಚಂದಾ ಕೇಳಿ, ಯುಪಿಐ ಕೋಡ್ ಮೇಜಿನ ಮೇಲೇ ಇರಲಿ. ಇಂತಿಷ್ಟು ಚಂದಾ ಬರದಿದ್ದರೆ ದುಡ್ಡು ವಾಪಸ್ ಅಂತ ಒಂದು ಸಂಖ್ಯೆಯನ್ನು ಮೊದಲೇ ಹೇಳಿಬಿಡಿ. ಮುದ್ರಣ, ಅಂಚೆ, ಲೇಖಕರ ಸಂಭಾವನೆ ಲೆಕ್ಕ ಹಾಕಿದರೆ ಆ ಸಂಖ್ಯೆ ನಿಮಗೇ ಸಿಗುತ್ತದೆ. ಬಂದ ಚಂದಾ ಎಷ್ಟೋ ಅಷ್ಟು, ಅದರ ಮೇಲೆ ಕಾಲು ಭಾಗ ಹೆಚ್ಚು. ಅಷ್ಟೇ ಪ್ರತಿ ಹಾಕಿಸಿ. ಮೊದಲ ವರ್ಷ ಅಂಗಡಿಗಳಿಗೆ, ಏಜೆಂಟರಿಗೆ ಹೋಗಬೇಡಿ. ಕಮಿಷನ್ ಕಳೆದು, ಮಾರಾಟವಾಗದ ಪ್ರತಿಗಳ ಕಟ್ಟು ವಾಪಸ್ ಬಂದು, ಉಳಿಯುವುದು ಏನೂ ಇರಲ್ಲ. ಹೆಸರಿನ ನೋಂದಣಿಗೆ ಮಾತ್ರ ಈಗಲೇ ಅರ್ಜಿ ಹಾಕಿ. 1867ರ ಹಳೆಯ ಕಾಯ್ದೆ ಹೋಗಿ 2024ರ ಮಾರ್ಚ್‌ನಿಂದ ಹೊಸ ಪತ್ರಿಕಾ ನೋಂದಣಿ ಕಾಯ್ದೆ ಜಾರಿಯಲ್ಲಿದೆ, ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಹಾಕಬಹುದು. ನಿಮ್ಮ ಸಂಗೀತ ಕ್ಲಾಸುಗಳ ಸುತ್ತಾಟ ಮುಗಿಯುವ ಹೊತ್ತಿಗೆ ಹೆಸರೂ ಕೈಗೆ ಬಂದಿರುತ್ತದೆ.